ದಾಸರಹಳ್ಳಿಯ ಪೀಪಿ, ಹುನಗುಂದದ ಚೌಡಿಕೆ

ಟಿ. ದಾಸರಹಳ್ಳಿಯ ಶ್ಯಾಮಣ್ಣನ ಕೈಗೆ ಹಳೆಯ ವಸ್ತು ಏನೇ ಸಿಕ್ಕಲಿ, ಮೊದಲು ಅದಕ್ಕೆ ಸೀಮೆಎಣ್ಣೆಯ ಸ್ನಾನ. ಬೀಗವಾಗಲಿ, ಹೊಲಿಗೆ ಯಂತ್ರದ ಬಿಡಿಭಾಗವಾಗಲಿ, ತೊಳೆಯದೆ ಅವನು ಮುಟ್ಟಿದವನೇ ಅಲ್ಲ. ಒಮ್ಮೆ ಕುಕ್ಕರಿನ ವಿಷಲ್ಲನ್ನೂ ಹಾಗೇ ತೊಳೆದಿಟ್ಟು, ಎರಡು ದಿನ ಅನ್ನಕ್ಕೆಲ್ಲ ಸೀಮೆಎಣ್ಣೆ ವಾಸನೆ ಹೊಡೆದು, ಹೆಂಡತಿ ನಾಗಲಕ್ಷ್ಮಮ್ಮನಿಂದ ಸರಿಯಾಗಿ ಮಂಗಳಾರತಿ ಮಾಡಿಸಿಕೊಂಡಿದ್ದ. ಹಾಗಂತ ಬುದ್ಧಿ ಬಂತೆ? ಇಲ್ಲ. ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ನಿಂತು ವರ್ಷಗಳಾದರೂ ಅವನ ಮಂಚದ ಕೆಳಗೆ ಒಂದು ಕ್ಯಾನು ಇದ್ದೇ ಇರುತ್ತಿತ್ತು. ಅದೆಲ್ಲಿಂದ ತರುತ್ತಿದ್ದನೋ ಆ ಪುಣ್ಯಾತ್ಮ!

ಅದು ಅವನ ತಪ್ಪಲ್ಲ ಅನ್ನಿ. ಹದಿನೇಳನೆಯ ವಯಸ್ಸಿಗೆ ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿಗೆ ಅಪ್ರೆಂಟಿಸ್ ಆಗಿ ಸೇರಿದವನು. ಅಲ್ಲಿನ ಫೋರ್‌ಮನ್ ಕಲಿಸಿದ ಮೊದಲ ಪಾಠವೇ ಅದು. ತೊಳಿ, ಒರೆಸು, ಅಳೆ, ಆಮೇಲೆ ಕೈ ಹಾಕು. ನಲವತ್ತೊಂದು ವರ್ಷ ಅದನ್ನೇ ಮಾಡಿ, ಕೂದಲೆಳೆಯನ್ನು ಹತ್ತು ಸೀಳು ಮಾಡಿದರೆ ಅದರಲ್ಲೊಂದು ಸೀಳಿನಷ್ಟು ವ್ಯತ್ಯಾಸ ಬಂದರೂ ಕೆಲಸವನ್ನು ವಾಪಸು ಕಳಿಸುವವನೆಂದು ಹೆಸರು ಮಾಡಿ, ಹಾರ ಹಾಕಿಸಿಕೊಂಡು ನಿವೃತ್ತನಾಗಿದ್ದ. ಮನೆಯಲ್ಲಿ ಕೂರಲಾಗದೆ ಈಗಲೂ ದಿನಕ್ಕೆರಡು ಗಂಟೆ ಪೀಣ್ಯದ ಎರಡನೇ ಹಂತದಲ್ಲಿರುವ ಮುರಿಗೆಪ್ಪನವರ ಯೂನಿಟ್ಟಿಗೆ ಹೋಗಿ ಬರುತ್ತಿದ್ದ. ನಾಲ್ಕು ಲೇತು, ಎರಡು ಡ್ರಿಲ್ಲಿಂಗ್ ಯಂತ್ರದ ಪುಟ್ಟ ಜಾಗ ಅದು.

ಅವನ ಇನ್ನೊಂದು ಜೀವನ ಕ್ಲಾರಿನೆಟ್. ಊರಿನವರ ಬಾಯಲ್ಲಿ ಅದು ಪೀಪಿ. ಈಗ ಮೆಟ್ರೋ ಕಂಬಗಳು ನಿಂತಿರುವ ಕಡೆ ಅವರ ಮನೆಯ ರಾಗಿ ಹೊಲವಿದ್ದ ಕಾಲಕ್ಕೆ, ದೊಡ್ಡಪ್ಪನ ಮಗ ನಂಜಪ್ಪ ಜಾಲಹಳ್ಳಿಯ ನಿವೃತ್ತ ಮಿಲಿಟರಿ ಬ್ಯಾಂಡಿನವನೊಬ್ಬನಿಂದ ಆ ಪೀಪಿಯನ್ನೂ, ಊದುವ ವಿದ್ಯೆಯನ್ನೂ ಒಟ್ಟಿಗೇ ಸಂಪಾದಿಸಿದ. ಉಳುವವರ ಮನೆಯಲ್ಲಿ ಊದುವವನೊಬ್ಬ ಹುಟ್ಟಿದನಲ್ಲ ಎಂದು ಊರು ನಕ್ಕಿತು. ನಕ್ಕವರೇ ಆಮೇಲೆ ತಮ್ಮ ಮನೆಯ ಮದುವೆಗೆ ನಂಜಪ್ಪನ ಬ್ಯಾಂಡ್ ಸೆಟ್ಟೇ ಬೇಕೆಂದು ಮುಹೂರ್ತ ಗೊತ್ತುಮಾಡುವ ಮುಂಚೆಯೇ ಎಲೆ ಅಡಿಕೆ ಹಿಡಿದು ಬಂದರು. ಅವನಿಂದಲೇ ಊದಲು ಕಲಿತ ಶ್ಯಾಮಣ್ಣನೂ ಭಾನುವಾರ ರಜೆಯ ದಿನ ಕೆಂಪು ಕೋಟು ತೊಟ್ಟು ಅಣ್ಣನ ಪಕ್ಕ ನಿಲ್ಲುತ್ತಿದ್ದ. ನೆಲಗದರನಹಳ್ಳಿಯಿಂದ ಮಾದನಾಯಕನಹಳ್ಳಿಯವರೆಗೆ ಅವರು ಊದದ ಚಪ್ಪರವಿರಲಿಲ್ಲ. ಅವರೆಕಾಯಿ ಕಾಲದಲ್ಲಿ ದಿಬ್ಬಣದ ಜೊತೆ ಹೊಲದ ಬದುವಿನ ಮೇಲೆ ನಡೆಯುವಾಗ ಮೂಗಿಗೆ ಬರುತ್ತಿದ್ದ ಸೊಗಡಿನ ಘಮ ಇವತ್ತಿಗೂ ಪೀಪಿಯನ್ನು ತುಟಿಗಿಟ್ಟರೆ ಶ್ಯಾಮಣ್ಣನಿಗೆ ಬರುತ್ತದೆ. ಆ ಹೊಲಗಳು ಹೋದವು, ಡಿಜೆ ವ್ಯಾನುಗಳು ಬಂದವು, ಕೆಂಪು ಕೋಟುಗಳನ್ನು ಇಲಿ ತಿಂದವು. ಹಲ್ಲು ಸಡಿಲವಾದ ಮೇಲೆ ನಂಜಪ್ಪ ಪೀಪಿಯನ್ನು ತಮ್ಮನ ಕೈಗಿಟ್ಟು, ಮರುವರ್ಷವೇ ತೀರಿಕೊಂಡ. ಬಾಯಿಗಿಡುವ ತುದಿಯ ಮೇಲೆ ಅವನ ಮುಂದಿನ ಎರಡು ಹಲ್ಲು ಮೂವತ್ತು ವರ್ಷ ಕಚ್ಚಿ ಬಿದ್ದ ಎರಡು ಗುಳಿಗಳಿವೆ. ಶ್ಯಾಮಣ್ಣನ ಹಲ್ಲುಗಳೂ ಅಲ್ಲೇ ಹೋಗಿ ಕೂರುತ್ತವೆ.

ದಿನಾ ಸಂಜೆ ಐದೂವರೆಗೆ ಮನೆಯ ತಾರಸಿಯ ಮೇಲೆ ಒಬ್ಬನೇ ಕೂತು ಊದುವುದು ಅಭ್ಯಾಸ. ಕೇಳುವವರು ಯಾರೂ ಇರಲಿಲ್ಲ. ಮೆಟ್ರೋ ರೈಲಿನ ಕಿಟಕಿಯಿಂದ ಯಾರಾದರೂ ಕಣ್ಣು ಹಾಯಿಸಿದರೆ ಅದೇ ಸಭೆ.

ಎರಡು ವರ್ಷದ ಕೆಳಗೆ ನೆಲಮಹಡಿಯ ಬಾಡಿಗೆ ರೂಮಿಗೆ ಹುನಗುಂದದ ಕಡೆಯ ಸಿದ್ದಕ್ಕ ಬಂದಳು. ನಲವತ್ತೆಂಟರ ಹೆಂಗಸು, ಗಾರ್ಮೆಂಟ್ಸಿನಲ್ಲಿ ಬಟ್ಟೆ ಚೆಕಿಂಗ್ ಕೆಲಸ. ಗಂಡ ಯಂಕಪ್ಪ ಸೆಂಟ್ರಿಂಗ್ ಕೆಲಸದ ಮೇಲೆ ಊರೂರು ತಿರುಗುವವನು. ಒಂದು ಸಂಜೆ ಶ್ಯಾಮಣ್ಣ ಊದಿ ನಿಲ್ಲಿಸಿದ ಕಡೆಯಿಂದಲೇ ಕೆಳಗಿನ ರೂಮಿನಿಂದ ಒಂದು ದನಿ ಎದ್ದಿತು. ಗುಂವ್, ಗುಂವ್, ಗುಂವ್. ಶ್ಯಾಮಣ್ಣ ನೀರಿನ ಪಂಪು ಕೆಟ್ಟಿತೆಂದುಕೊಂಡು ಸ್ಪ್ಯಾನರ್ ಹಿಡಿದು ಓಡಿದ. ನೋಡಿದರೆ ಸಿದ್ದಕ್ಕ ಬಾಗಿಲಲ್ಲಿ ಕೂತು, ಸೇರಿನ ಆಕಾರದ ಮರದ ವಾದ್ಯವೊಂದನ್ನು ಕಂಕುಳಲ್ಲಿ ಅವುಚಿಕೊಂಡು ಮೀಟುತ್ತಿದ್ದಾಳೆ. ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ, ಆ ತಂತಿಯ ತುದಿ ಎಡಗೈ ಮುಷ್ಟಿಯಲ್ಲಿ. ಮುಷ್ಟಿ ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ.

"ಏನ್ ತಾಯಿ ಇದು?"

"ಚೌಡಿಕಿರಿ ಅಣ್ಣಾರ. ನಮ್ಮ ಆಯೀದು. ಐದೂರು ತಿರಗಿ ಎಲ್ಲಮ್ಮನ ಪದ ಹೇಳಾಕಿ ಅಕಿ. ನೀವು ಊದೂದು ಕೇಳಿ ಕೈ ಸುಮ್ಮನ ಇರಲಿಲ್ರಿ."

ಅಜ್ಜಿಯನ್ನು ಅವಳು ಆಯಿ ಅನ್ನುತ್ತಿದ್ದಳು. ವಾದ್ಯದ ಮರವೆಲ್ಲ ಅರಿಸಿನದ ಮೆತ್ತೆ. ಮಂಗಳವಾರ, ಶುಕ್ರವಾರ ಒಂದು ಚಿಟಿಕೆ ಭಂಡಾರ, ಅಂದರೆ ದೇವಿಯ ಅರಿಸಿನ ಪುಡಿ, ಹಚ್ಚಿ ಹಣೆಗೊತ್ತಿಕೊಂಡೇ ಅವಳು ಮೀಟುವುದು. ಅರವತ್ತು ವರ್ಷದಿಂದ ಬಿದ್ದ ಚಿಟಿಕೆಗಳು ಎಣ್ಣೆ, ಬೆವರಿನ ಜೊತೆ ಗಟ್ಟಿಯಾಗಿ, ಹಿಡಿಯುವಲ್ಲಿ ಒಂದು ಹೆಬ್ಬೆರಳಿನ ಅಚ್ಚು ಕೂತಿತ್ತು.

ಹೀಗೆ ಶುರುವಾಯಿತು ಈ ಜೋಡಿ. ಭೂಮಿಯ ಮೇಲೆ ಕ್ಲಾರಿನೆಟ್ಟಿಗೂ ಚೌಡಿಕೆಗೂ ಜೊತೆಯಲ್ಲಿ ನುಡಿಸುವ ಪದ ಅಂತ ಯಾರೂ ಕಟ್ಟಿಟ್ಟಿರಲಿಲ್ಲ. ಒಂದು ಇಂಗ್ಲಿಷರ ಪೀಪಿ, ಒಂದು ಎಲ್ಲಮ್ಮನ ಕೈವಸ್ತು. ಮೊದಲು ಎಲ್ಲಮ್ಮನ ಎರಡು ಪದ ಕೂಡಿತು, ಆಮೇಲೆ ಮದುವೆ ಮನೆಯ ಆರತಿ ಹಾಡು. ಬ್ಯಾಂಡಿನ ಕಾಲದ ಸಿನಿಮಾ ಹಾಡುಗಳನ್ನು ಶ್ಯಾಮಣ್ಣ ಆಸೆಯಿಂದ ಊದಿ ತೋರಿಸಿದ. ನಡುವೆ ಶ್ರುತಿ ಬದಲಿಸುವ ಹಾಡುಗಳ ಹಿಂದೆ ಒಂಟಿ ತಂತಿ ಎಲ್ಲಿ ಓಡೀತು? ಒಂದು ತಿಂಗಳು ಕುಸ್ತಿ ಮಾಡಿ ಕೈಬಿಟ್ಟರು. ಮೂರು ಪದ, ಹದಿನೈದು ನಿಮಿಷ. ಅಷ್ಟೇ ಇವರ ಆಸ್ತಿ.

ಅಷ್ಟರಲ್ಲಿ ಮುರಿಗೆಪ್ಪನವರು, "ಈ ಸಲ ಆಯುಧಪೂಜೆಗೆ ನಮ್ಮ ಯೂನಿಟ್ಟಿನಾಗ ನಿಮ್ಮಿಬ್ಬರದ ಕಚೇರಿ ಆಗಲಿ. ನಲವತ್ತು ನಿಮಿಷ ನುಡಸ್ರಿ, ಸ್ಪೀಕರ್ ಹಚ್ಚಿ ಕಿವಿ ಹರಕೊಳ್ಳೂದು ಸಾಕಾಗೇದ" ಎಂದರು. ಅವರೂ ಬಾಗಲಕೋಟೆ ಕಡೆಯವರು. ಚೌಡಿಕೆಯ ದನಿ ಕೇಳಿ ಎಷ್ಟು ವರ್ಷವಾಗಿತ್ತೋ. ಶ್ಯಾಮಣ್ಣ ತಲೆಯಾಡಿಸಿ ಬಂದವನು ಮನೆಗೆ ಬಂದ ಮೇಲೆ ಬೆವರಿದ. ಇನ್ನು ಇಪ್ಪತ್ತೈದು ನಿಮಿಷ ಎಲ್ಲಿಂದ ತರುವುದು?

ದಾರಿ ತೋರಿಸಿದ್ದು ನಾಗಲಕ್ಷ್ಮಮ್ಮ, ತನಗೇ ಗೊತ್ತಿಲ್ಲದೆ. ತಾರಸಿಯ ಮೇಲೆ ಅಕ್ಕಿ ಆರಿಸುತ್ತ, ಅತ್ತೆ ರಾಗಿ ಬೀಸುವಾಗ ಹೇಳುತ್ತಿದ್ದ ಪದವನ್ನು ಗುನುಗುತ್ತಿದ್ದಳು. ಸಿದ್ದಕ್ಕ ಒಗೆದ ಬಟ್ಟೆ ಹರವುತ್ತಿದ್ದವಳು ಹಾಗೇ ನಿಂತುಬಿಟ್ಟಳು.

"ಅಯ್ಯ ಅಕ್ಕಾರ, ನಮ್ಮ ಜ್ವಾಳದ ಪದಾನೂ ಹಿಂಗ ತಿರಗತದಲ್ರಿ! ನಮ್ಮದು ಸ್ವಲ್ಪ ಜೋರು."

"ರಾಗಿ ಸಣ್ ಕಾಳು ಕಣವ್ವ, ನಿಧಾನಕ್ಕೇ ಬೀಸ್ಬೇಕು. ಜೋರು ಮಾಡಿದ್ರೆ ತರಿ ಬರ್ತದೆ, ನಮ್ಮತ್ತೆ ಬುಟ್ಬುಡ್ತಿದ್ರಾ?"

ಶ್ಯಾಮಣ್ಣನಿಗೆ ಏನೋ ಹೊಳೆಯಿತು. ಅವನಮ್ಮನ ಬೀಸುವ ಕಲ್ಲಿನ ಮೇಲಿನ ಹೋಳು ಹದಿನೈದು ವರ್ಷದಿಂದ ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ ಹಾರದಂತೆ ಕಾಯುತ್ತ ಕೂತಿತ್ತು. ಕೆಳಗಿನ ಹೋಳು ಒಗೆಯುವ ಕಲ್ಲಿನ ಪಕ್ಕ. ಎರಡನ್ನೂ ತಂದು ಜೋಡಿಸಿ, ಗೂಟ ಬಡಿದು, ಹೆಂಗಸರಿಬ್ಬರನ್ನು ಎದುರು ಬದುರು ಕೂರಿಸಿ ಬೀಸಿಸಿದ. ಕಲ್ಲಿನ ಗರಗರ ಕೇಳಿದ್ದೇ ತಡ, ಆರು ವರ್ಷದ ಹುಡುಗನಾಗಿ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಮಲಗಿ, ಅವಳ ಕೈ ಹೋಗಿ ಬಂದಂತೆಲ್ಲ ತಾನೂ ತೂಗುತ್ತಿದ್ದುದು ನೆನಪಾಗಿ ಕಣ್ಣು ತುಂಬಿತು. ಅರವತ್ತೈದರ ಗಂಡಸು, ತಾರಸಿಯ ಮೇಲೆ, ಹೆಂಡತಿಯ ಎದುರೇ ಗೊಳೋ ಎಂದು ಅತ್ತ.

ಆಮೇಲಿನ ಕೆಲಸ ಸಲೀಸು. ಚೌಡಿಕೆಯೇ ಕಲ್ಲಾಯಿತು, ಮೊದಲು ರಾಗಿಯ ನಿಧಾನದ ಸುತ್ತು, ಆಮೇಲೆ ಜೋಳದ ಜೋರು ಸುತ್ತು. ಪೀಪಿ ಒಮ್ಮೆ ಅವನಮ್ಮನ ಪದ ಹೇಳಿತು, ಒಮ್ಮೆ ಸಿದ್ದಕ್ಕನ ಆಯಿಯದು. ಅದು ಹದಿಮೂರು ನಿಮಿಷಕ್ಕೆ ಬೆಳೆಯಿತು. ಇನ್ನೊಂದನ್ನು ಸಿದ್ದಕ್ಕ ಕಂಡುಹಿಡಿದಳು. ಮುಷ್ಟಿ ಬಿಗಿದು ಬಿಡುತ್ತ ಕಾರ್ಖಾನೆಯ ಬೆಳಗಿನ ಸೈರನ್ನನ್ನು ಥೇಟ್ ಹಾಗೇ ಕೂಗಿಸಿದಳು. ಅದರ ಮೇಲೆ ಶ್ಯಾಮಣ್ಣ, ಸೈಕಲ್ಲುಗಳ ಹಿಂಡು ಗೇಟಿನತ್ತ ಧಾವಿಸುತ್ತಿದ್ದ ಹಳೆಯ ಪೀಣ್ಯವನ್ನು ಊದಿದ. ಪ್ರತಿ ಪದಕ್ಕೂ ಟೂಲ್‌ರೂಮಿನ ನಕ್ಷೆಯಂತೆ ಒಂದು ಹಾಳೆ, ಮೂಲೆಯಲ್ಲಿ 'ಡ್ರಾಯಿಂಗ್ ನಂಬರ್ 4, ತಿದ್ದುಪಡಿ 3' ಎಂದು ಬರೆದು ಸಹಿ. ಸಿದ್ದಕ್ಕ ಅದನ್ನು ನೋಡಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಮುಂದೆ ಇನ್ನೂ ಹತ್ತು ಪದ ಕಟ್ಟೋಣ ಎಂದು ಶ್ಯಾಮಣ್ಣ ಖಾಲಿ ಹಾಳೆಗಳಿಗೂ ನಂಬರು ಹಾಕಿಟ್ಟ. ನಂಜಪ್ಪ ಹೋದ ಮೇಲೆ ಅವನು ಇಷ್ಟು ಸಂತೋಷವಾಗಿದ್ದದ್ದೇ ಇಲ್ಲ.

ಒಂದೇ ಒಂದು ವಿಷಯ ಅವನನ್ನು ತಿನ್ನುತ್ತಿತ್ತು. ಪೀಪಿಯ ಶ್ರುತಿ ಗಟ್ಟಿ, ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಐದು. ಚೌಡಿಕೆಯನ್ನು ಅದಕ್ಕೆ ಸರಿಯಾಗಿ ಕೂಡಿಸಿಕೊಂಡು ಹೊರಟರೂ, ಹತ್ತು ನಿಮಿಷದಲ್ಲಿ ಚರ್ಮ ಸಡಿಲವಾಗಿ, ಕೈ ಸೋತು, ಸ್ವರ ಕೆಳಗೆ ಜಾರುತ್ತಿತ್ತು. ಅಕ್ಟೋಬರ್ ಮಳೆಯ ತೇವದಲ್ಲಂತೂ ಕೇಳುವುದೇ ಬೇಡ. "ಅದು ಹಂಗ ರೀ ಅಣ್ಣಾರ, ದಣದಂಗ ಇಳಿತದ" ಎಂದು ಸಿದ್ದಕ್ಕ ಸುಮ್ಮನಾಗುತ್ತಿದ್ದಳು. ಶ್ಯಾಮಣ್ಣ ಸುಮ್ಮನಾಗುವ ಆಸಾಮಿಯೇ? ಅವನ ಕಿವಿಯಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಕೂತು 'ರಿಜೆಕ್ಟ್, ರಿಜೆಕ್ಟ್' ಎನ್ನುತ್ತಿದ್ದ.

ಪೂಜೆಗೆ ವಾರವಿದ್ದಾಗ ಸಿದ್ದಕ್ಕನಿಗೆ ಗಾರ್ಮೆಂಟ್ಸಿನಲ್ಲಿ ಓಟಿ ಬಿತ್ತು. ಬೆಳಿಗ್ಗೆ ಚೌಡಿಕೆಯನ್ನು ನಾಗಲಕ್ಷ್ಮಮ್ಮನ ಕೈಗೆ ಕೊಟ್ಟು, "ಬಿಸಲು ಬಿದ್ರ ಸ್ವಲ್ಪ ಹೊತ್ತು ಇಡ್ರಿ ಅಕ್ಕಾರ, ಚರ್ಮ ಥಂಡಿ ಹಿಡದದ" ಎಂದು ಹೇಳಿ ಹೋದಳು. ಅಷ್ಟೇ ಅವಳು ಹೇಳಿದ್ದು.

ಹತ್ತು ಗಂಟೆಗೆ ಚೌಡಿಕೆ ತಾರಸಿಯ ಮೇಲಿತ್ತು, ಹನ್ನೊಂದಕ್ಕೆ ಮುರಿಗೆಪ್ಪನವರ ಯೂನಿಟ್ಟಿನಲ್ಲಿತ್ತು. ಶ್ಯಾಮಣ್ಣ ಅಂದು ಕಾಲೇಜು ಹುಡುಗನ ಹುರುಪಿನಲ್ಲಿದ್ದ. ತೊಳಿ, ಒರೆಸು, ಅಳೆ. ಚರ್ಮಕ್ಕೆ ತಾಗದಂತೆ ಪ್ಲಾಸ್ಟಿಕ್ ಕಟ್ಟಿ, ಮರವನ್ನು ಸೀಮೆಎಣ್ಣೆಯಲ್ಲಿ ಉಜ್ಜಿದ. ಹಳದಿ ನೀರು ಹರಿದು, ಒಳಗಿನಿಂದ ತೇಗದ ಕಂದು ಎಳೆಗಳು ಕಾಣಿಸಿಕೊಂಡವು. ಎಂಥ ಮರ, ಎಷ್ಟು ಕೊಳೆ ಕಟ್ಟಿತ್ತಲ್ಲ ಎಂದು ಮರುಗಿದ. ಎಮರಿ ಹಾಳೆಯಲ್ಲಿ ನಯ ಮಾಡಿದ. ಎರಡು ತೂತು ಕೊರೆದು, ತಾನೇ ಲೇತಿನಲ್ಲಿ ಕಡೆದ ಹಿತ್ತಾಳೆಯ ತಿರುಪುಮೊಳೆ ಕೂರಿಸಿ, ತಂತಿಯ ತುದಿಯನ್ನು ಅದಕ್ಕೆ ಕಟ್ಟಿದ. ಇನ್ನು ಮುಷ್ಟಿಯೇ ಬೇಡ. ತಿರುಪು ಬಿಗಿದರೆ ಕಪ್ಪು ಐದು, ಇಡೀ ದಿನ ಅಲುಗದು. ಮೀಟಿ ನೋಡಿದ. ಟಣ್ ಎಂದಿತು. ಎಲ್ಲ ಸರಿಯಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಸಂಜೆ ಸಿದ್ದಕ್ಕನ ಬಾಗಿಲಿಗೆ ಹೋಗಿ, ಹೊಸ ಟವೆಲಿನಲ್ಲಿ ಸುತ್ತಿದ್ದ ಚೌಡಿಕೆಯನ್ನು ಮದುವಣಗಿತ್ತಿಯ ಮುಸುಕು ಸರಿಸುವ ಹಾಗೆ ಬಿಚ್ಚಿ ತೋರಿಸಿದ.

ಸಿದ್ದಕ್ಕ ಅದನ್ನು ತೆಗೆದುಕೊಂಡಳು. ಹೆಬ್ಬೆರಳು ತಾನಾಗಿಯೇ ಹಿಡಿಯುವ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಮರವನ್ನು ಮೂಗಿನ ಹತ್ತಿರ ತಂದಳು. ಒಂದು ಸಲ, ಇನ್ನೊಂದು ಸಲ.

"ಎಣ್ಣಿ ನಾರತದ" ಎಂದಳು. "ಆಯಿ ಹ್ವಾದ ಮ್ಯಾಲೆ ಅಕಿ ಸೀರಿ ವಾಸನಿ ಹೋತು, ಹಾಸಿಗಿ ವಾಸನಿ ಹೋತು. ಇದರಾಗ ಉಳಿದಿತ್ರಿ ಅಣ್ಣಾರ. ಇದರಾಗಷ್ಟ ಉಳಿದಿತ್ತು."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ತಾರಸಿಗೆ ಬರುವುದು ನಿಂತಿತು. ಬಟ್ಟೆಯನ್ನೂ ರೂಮಿನೊಳಗೇ ಒಣಗಿಸಿಕೊಂಡಳು.

ಶ್ಯಾಮಣ್ಣ ಮೊದಲು ಸಿಟ್ಟಾದ. ಒಳ್ಳೆಯದು ಮಾಡಹೋದರೆ ಹೀಗಾ, ಅಷ್ಟು ನೀಟಾಗಿ ಮಾಡಿಕೊಟ್ಟಿದ್ದೀನಿ, ಅರಿಸಿನ ಬೇಕಾದರೆ ಅಂಗಡೀಲಿ ಸಿಗಲ್ವಾ ಎಂದು ಹೆಂಡತಿಯ ಮುಂದೆ ಗೊಣಗಿದ. ನಾಗಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿದಳು.

"ನಿಮ್ ಪೀಪಿ ಬಾಯ್ ಮೇಲೆ ನಂಜಪ್ಪ ಭಾವನ ಹಲ್ಲಿನ್ ಗುರ್ತು ಐತಲ್ಲ, ಅದನ್ನ ಯಾವತ್ತಾದ್ರೂ ಎಮರಿ ಹಾಕಿ ಉಜ್ಜಿದ್ರಾ? ಚಿಕ್ಕಪೇಟೆ ಅಂಗಡಿಯೋನು ಹೊಸಾದು ಹಾಕ್ಸಿ ಅಂದಿದ್ದಕ್ಕೆ ಅವತ್ತು ಊಟಾನೇ ಬಿಟ್ರಿ. ಆ ಗುರ್ತನ್ನ ನಾನೇ ತೇದು ನೀಟಾಗ್ ಮಾಡಿಟ್ಟಿದ್ರೆ, ನನ್ನ ಮನೇಲಿ ಇಟ್ಕತಿದ್ರಾ?"

ಶ್ಯಾಮಣ್ಣ ಪೆಟ್ಟಿಗೆ ತೆರೆದು ಪೀಪಿಯನ್ನು ತೆಗೆದ. ಎರಡು ಗುಳಿಗಳ ಮೇಲೆ ಉಗುರು ಆಡಿಸಿದ. ಅಣ್ಣ ಅಲ್ಲೇ ಇದ್ದ, ಬದುವಿನ ಮೇಲೆ ಕೆಂಪು ಕೋಟಿನಲ್ಲಿ. ಸಿದ್ದಕ್ಕನ ಆಯಿ ಈಗ ಎಲ್ಲೂ ಇಲ್ಲ. ಅವಳನ್ನು ತಾನೇ ಒಂದು ಚಿಂದಿಬಟ್ಟೆಯಲ್ಲಿ ಒರೆಸಿ ಮೋರಿಗೆ ಚೆಲ್ಲಿ ಬಂದಿದ್ದ. ನಲವತ್ತೊಂದು ವರ್ಷದಲ್ಲಿ ಅವನ ಕೈಯಿಂದ ಕೆಟ್ಟ ಕೆಲಸ ಇದೊಂದೇ, ಇದೊಂದನ್ನೇ ಮತ್ತೆ ಮಾಡಿಕೊಡಲು ಬರುವುದಿಲ್ಲ.

ಮರುದಿನ ಬಾಗಿಲು ತಟ್ಟಿ, "ಸಿದ್ದಕ್ಕ, ತಪ್ಪಾಯ್ತು. ಆ ಹಿತ್ತಾಳೆನಾದ್ರೂ ಬಿಚ್ಕೊಡ್ತೀನಿ, ಕೊಡವ್ವ" ಎಂದ. ಅವಳು ಚೌಡಿಕೆಯನ್ನು ಹೊರಗೆ ತಂದು ಮೆಟ್ಟಿಲ ಮೇಲಿಟ್ಟು, ಅವನು ಬಿಚ್ಚಿ ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದಳು. ಕಣ್ಣು ಕದಲಿಸಲಿಲ್ಲ. ತೂತುಗಳಿಗೆ ಮರದ ಬೆಣೆ ಕಡೆದು ತರುತ್ತೇನೆ ಎಂದಾಗ ಮಾತ್ರ, "ಬ್ಯಾಡ್ರಿ" ಎಂದಳು. ಕಚೇರಿಗೆ ಬರುತ್ತೀಯಾ ಎಂದು ಕೇಳದೆಯೇ ಅವನು ಮೆಟ್ಟಿಲು ಹತ್ತಿದ.

ಆಯುಧಪೂಜೆಯ ಬೆಳಿಗ್ಗೆ ಮುರಿಗೆಪ್ಪನವರ ಯೂನಿಟ್ಟಿನಲ್ಲಿ ಲೇತುಗಳಿಗೆಲ್ಲ ಚೆಂಡುಹೂವಿನ ಹಾರ, ಬಾಗಿಲಿಗೆ ಬಾಳೆಕಂದು, ನೆಲದ ಮೇಲೆ ಒಡೆದ ಬೂದುಕುಂಬಳಕಾಯಿ. ಆಪರೇಟರುಗಳು ಇಸ್ತ್ರಿ ಅಂಗಿ ತೊಟ್ಟು ತಂತಮ್ಮ ಯಂತ್ರಗಳಿಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಶ್ಯಾಮಣ್ಣ ಪೀಪಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಸಿದ್ದಕ್ಕ ಬರಲಾರಳೆಂದು ಅವನಿಗೆ ಖಾತ್ರಿಯಾಗಿತ್ತು. ಒಬ್ಬನೇ ಆರತಿ ಹಾಡು ಊದಿ ಎದ್ದುಬಿಡುವುದು, ನಂಬರು ಹಾಕಿದ ಹಾಳೆಗಳನ್ನೆಲ್ಲ ಹರಿದುಹಾಕುವುದು, ಇಷ್ಟೇ ಉಳಿದದ್ದು ಎಂದುಕೊಂಡಿದ್ದ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಸಿದ್ದಕ್ಕ ಬಂದಳು. ಇಳಕಲ್ ಸೀರೆ, ಕಂಕುಳಲ್ಲಿ ಚೌಡಿಕೆ. ಯಾರನ್ನೂ ಮಾತಾಡಿಸದೆ ನೇರ ನಡೆದು, ಅವನು ಚೌಡಿಕೆಯನ್ನು ಕೊರೆದಿದ್ದ ಅದೇ ಡ್ರಿಲ್ಲಿಂಗ್ ಯಂತ್ರದ ಮುಂದೆ ಮಣೆಯ ಮೇಲೆ ಅದನ್ನಿಟ್ಟಳು. ಹಾರದ ಬಣ್ಣದ ನಡುವೆ ಆ ಬರಿಯ ಕಂದು ಮರ ಬೆತ್ತಲೆ ಕೂತಂತೆ ಕಂಡು ಶ್ಯಾಮಣ್ಣ ತಲೆ ತಗ್ಗಿಸಿದ. ಅವಳು ಸೆರಗಿನ ಗಂಟು ಬಿಚ್ಚಿ ಭಂಡಾರದ ಪೊಟ್ಟಣ ತೆಗೆದು ಅವನ ಮುಂದೆ ಹಿಡಿದಳು.

"ತಗದಾವ್ರು ನೀವ, ಹಚ್ಚಾವ್ರೂ ನೀವ. ಬರ್ರಿ ಅಣ್ಣಾರ."

ಅವನು ಎದ್ದು ಬಂದು ಚಿಟಿಕೆ ತೆಗೆದುಕೊಂಡ. ಮೈಕ್ರಾನಿನ ಲೆಕ್ಕದಲ್ಲಿ ಉಕ್ಕನ್ನು ಸವರಿದ ಬೆರಳುಗಳಿಂದ ಅರ್ಧ ಪುಡಿ ನೆಲಕ್ಕೆ ಚೆಲ್ಲಿತು. ನುಣುಪು ಮರದ ಮೇಲೆ ಅರಿಸಿನ ನಿಲ್ಲಲಿಲ್ಲ, ಜಾರಿತು. ಮತ್ತೆ ತೆಗೆದುಕೊಂಡು, ಹೆಬ್ಬೆರಳಿನಿಂದ ಒತ್ತಿ, ತಾನು ಕೊರೆದ ಎರಡು ತೂತುಗಳೊಳಗೆ ತುಂಬಿದ. ಅಲ್ಲಿ ನಿಂತಿತು.

ಕಚೇರಿ ಶುರುವಾಗಿ, ರಾಗಿ ಜೋಳದ ಪದ ಹತ್ತನೆಯ ನಿಮಿಷಕ್ಕೆ ಬಂದಾಗ ಎಂದಿನಂತೆ ಚೌಡಿಕೆಯ ಸ್ವರ ಇಳಿಯತೊಡಗಿತು. ಶ್ಯಾಮಣ್ಣನಿಗೆ ಅದು ಕೇಳಿಸಿತು. ಒಂದು ಉಸಿರಿನ ಬಿಡುವಿನಲ್ಲಿ ಪೀಪಿಯ ಕೀಲನ್ನು ಕೂದಲಷ್ಟು ಹೊರಗೆಳೆದು, ಹಲ್ಲನ್ನು ಅಣ್ಣನ ಗುಳಿಗಳಲ್ಲಿಟ್ಟು ತುಟಿ ಸಡಿಲಿಸಿ, ಅವಳ ಹಿಂದೆಯೇ ತಾನೂ ಇಳಿದ. ಬೀಸಿ ಬೀಸಿ ದಣಿದ ಹೆಂಗಸರ ದನಿ ಹೀಗೇ ತಾನೇ ಇಳಿಯುತ್ತಿದ್ದದ್ದು. ಅಮ್ಮನ ಮಡಿಲಲ್ಲಿ ಅದನ್ನು ಕೇಳುತ್ತಲೇ ತಾನೇ ಅವನು ನಿದ್ದೆಹೋಗುತ್ತಿದ್ದದ್ದು. ಸಿದ್ದಕ್ಕ ಕಣ್ಣು ತೆರೆದು ಒಮ್ಮೆ ಅವನ ಕಡೆ ನೋಡಿ, ಮತ್ತೆ ಮುಚ್ಚಿಕೊಂಡು ಮೀಟಿದಳು. ಮುರಿಗೆಪ್ಪನವರು ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು.

ಮರುವಾರ ಅವನ ಮಂಚದ ಕೆಳಗಿನ ಸೀಮೆಎಣ್ಣೆ ಕ್ಯಾನು ಮುರಿಗೆಪ್ಪನವರ ಯೂನಿಟ್ಟಿಗೆ ಹೋಯಿತು. ಈಗ ಮಂಗಳವಾರ, ಶುಕ್ರವಾರ ಸಂಜೆ ತಾರಸಿಯ ಮೇಲೆ ಪದ ಶುರುವಾಗುವ ಮುಂಚೆ ಸಿದ್ದಕ್ಕ ಪೊಟ್ಟಣ ಮುಂದೆ ಹಿಡಿಯುತ್ತಾಳೆ, ಶ್ಯಾಮಣ್ಣ ಚಿಟಿಕೆ ಹಚ್ಚುತ್ತಾನೆ. ಹಿಡಿಯುವ ಜಾಗದಲ್ಲಿ ಮರ ಈಗೀಗ ತುಸು ಹಳದಿಯಾಗುತ್ತಿದೆ. ಅಚ್ಚು ಬೀಳಲು ಇನ್ನೂ ಅರವತ್ತು ವರ್ಷ ಬೇಕು, ತಮಗಿಬ್ಬರಿಗೂ ಅಷ್ಟು ಆಯುಸ್ಸಿಲ್ಲ ಎಂದು ಅವನಿಗೆ ಗೊತ್ತು. ಆದರೂ ಒಂದು ವಾರವೂ ತಪ್ಪಿಸಿಲ್ಲ.